ಮೊದಲ ಆರು ಸಾವಿರ ಮೀಟರ್ ಶಿಖರ: ಮೇರಾ ಆಗಬಹುದೇ, ಐಲ್ಯಾಂಡ್ ಪೀಕ್ ಆಗಬಹುದೇ?

ಪ್ರಶ್ನೆ – ಹಿಮಪಥಿಕ

ಎಲ್ಲರಿಗೂ ನಮಸ್ಕಾರ. ಬರುವ ಶರತ್ಕಾಲದಲ್ಲಿ, ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ, ನೇಪಾಳದಲ್ಲಿ ಮಾರ್ಗದರ್ಶಕರ ಜೊತೆ ಒಂದು ಶಿಖರ ಏರಬೇಕೆಂದು ನಾನೂ ನನ್ನ ತಂಗಿಯೂ ನಿಶ್ಚಯಿಸಿದ್ದೇವೆ. ಎವರೆಸ್ಟ್ ಬೇಸ್ ಕ್ಯಾಂಪ್‌ವರೆಗಿನ ಚಾರಣವನ್ನು ಇಬ್ಬರೂ ಮುಗಿಸಿದ್ದೇವೆ. ಆಗ ಕಾಲಾಪತ್ಥರ್ ಏರಿದ ದಿನ ಸ್ವಲ್ಪ ತಲೆನೋವು ಬಂದದ್ದನ್ನು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಆದರೆ ಹಗ್ಗ, ಕ್ರ್ಯಾಂಪನ್ (ಬೂಟಿಗೆ ಕಟ್ಟುವ ಮುಳ್ಳಿನ ಚೌಕಟ್ಟು), ಐಸ್ ಆ್ಯಕ್ಸ್ (ಹಿಮಗೊಡಲಿ) ಇವುಗಳನ್ನು ನಾವಿಬ್ಬರೂ ಇದುವರೆಗೆ ಬಳಸಿದವರಲ್ಲ.

ಮೂರು ಯೋಜನೆಗಳು ನಮ್ಮ ಮುಂದಿವೆ. ಒಂದು, ಐಲ್ಯಾಂಡ್ ಪೀಕ್, ಕಾಠ್ಮಂಡುವಿನಿಂದ ಹೊರಟು ಕಾಠ್ಮಂಡುವಿಗೆ ಮರಳುವವರೆಗೆ 15 ದಿನ. ಅನುಭವ ಬೇಕಿಲ್ಲ, ಬೇಸ್ ಕ್ಯಾಂಪಿನಲ್ಲಿ ಅರ್ಧ ದಿನ ತರಬೇತಿ ಕೊಟ್ಟರೆ ಸಾಕು ಎಂದು ಪ್ರವಾಸ ಸಂಸ್ಥೆಯವರು ಹೇಳುತ್ತಾರೆ. ಎರಡು, ಮೇರಾ ಪೀಕ್, 14 ದಿನ. ವಿಮಾನ ಇಳಿಯುವ ಲುಕ್ಲಾದಿಂದ ನೇರವಾಗಿ ಝತ್ರ್ವಾ ಲಾ ಕಣಿವೆದಾರಿ ದಾಟಿ ಹೋಗುವುದು. ಮೂರು, ಎರಡೂ ಶಿಖರಗಳನ್ನು ಆಂಫು ಲಾಪ್ಚಾ ಕಣಿವೆದಾರಿಯ ಮೂಲಕ ಒಂದೇ ಪ್ರವಾಸದಲ್ಲಿ ಸೇರಿಸುವುದು. ಮೂರನೆಯದರ ಕಡೆಗೆ ತಂಗಿಯ ಮನಸ್ಸು ವಾಲಿದೆ.

ನಮ್ಮಂಥವರಿಗೆ ಯಾವುದು ಹೊಂದುತ್ತದೆ, ಅರ್ಧ ದಿನದ ತರಬೇತಿ ನಿಜಕ್ಕೂ ಸಾಕೇ, ಬೂಟು ಕೊಳ್ಳಬೇಕೇ ಅಥವಾ ಬಾಡಿಗೆಗೆ ಪಡೆಯಬಹುದೇ, ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೇ ಎಂಬುದನ್ನು ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ – ಬೆಟ್ಟದಾರಿ

ನಮಸ್ಕಾರ. ಶಿಖರದ ಆಯ್ಕೆಯ ಬಗ್ಗೆ ನಾನು ಬರೆಯುತ್ತೇನೆ, ಆರೋಗ್ಯದ ಭಾಗವನ್ನು ವೈದ್ಯರು ಹೇಳುವುದು ಒಳ್ಳೆಯದು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ‘ಟ್ರೆಕಿಂಗ್ ಪೀಕ್’ ಎಂಬುದು ನೇಪಾಳ ಪರ್ವತಾರೋಹಣ ಸಂಘವು ಅನುಮತಿ ಪತ್ರ ಕೊಡುವ ಶಿಖರಗಳ ಗುಂಪಿಗೆ ಇರುವ ಹೆಸರು. 1978ರಲ್ಲಿ ಇಂಥ 18 ಶಿಖರಗಳನ್ನು ಸಂಘದ ವಶಕ್ಕೆ ಕೊಡಲಾಯಿತು, ಆಮೇಲೆ ಇನ್ನಷ್ಟು ಸೇರಿದವು. ಏರುವುದು ಎಷ್ಟು ಸುಲಭ ಎಂಬುದಕ್ಕೂ ಆ ಪಟ್ಟಿಗೂ ಸಂಬಂಧವಿಲ್ಲ. ಅದೇ ಪಟ್ಟಿಯಲ್ಲಿರುವ ಕುಸುಂ ಕಾಂಗ್ರು ನುರಿತ ಆರೋಹಿಗಳಿಗೂ ಕಠಿಣವಾದದ್ದು. ಆದ್ದರಿಂದ ಪ್ರಚಾರ ಪತ್ರದಲ್ಲಿ ಆ ಹೆಸರು ಕಂಡ ಮಾತ್ರಕ್ಕೆ ಧೈರ್ಯ ತಂದುಕೊಳ್ಳಬೇಡಿ. ಆಯಾ ಶಿಖರದ ಕಷ್ಟ ದಾರಿಯ ಯಾವ ಭಾಗದಲ್ಲಿದೆ ಎಂಬುದನ್ನು ನೋಡಿ.

ಮೇರಾದ ಕಷ್ಟ ಇರುವುದು ಎತ್ತರದಲ್ಲಿ ಮತ್ತು ದೂರದಲ್ಲಿ. 6,476 ಮೀಟರ್ ಎತ್ತರದ ಈ ಪರ್ವತದ ನಡುವಿನ ತುದಿಯನ್ನು 1953ರ ಮೇ ತಿಂಗಳಲ್ಲಿ ಜಿಮ್ಮಿ ರಾಬರ್ಟ್ಸ್ ಮತ್ತು ಸೇನ್ ತೆನ್ಸಿಂಗ್ ಮೊದಲು ಏರಿದರು. ಖಾರೆ ಎಂಬ ಕೊನೆಯ ನೆಲೆ ಸುಮಾರು 5,000 ಮೀಟರ್‌ನಲ್ಲಿದೆ, ಅದಕ್ಕೂ ಮೇಲಿನ ಡೇರೆ ಶಿಬಿರವಾದ ಹೈ ಕ್ಯಾಂಪ್ ಸುಮಾರು 5,800 ಮೀಟರ್‌ನಲ್ಲಿ. ಮೇಲಿನ ದಾರಿಯ ಬಹುಪಾಲು ಅಗಲವಾದ, ಇಳಿಜಾರು ಕಡಿಮೆಯಿರುವ ಹಿಮನದಿ. ಒಬ್ಬರಿಗೊಬ್ಬರು ಹಗ್ಗದಿಂದ ಕಟ್ಟಿಕೊಂಡು ನಿಧಾನವಾಗಿ ನಡೆಯುವುದೇ ಅಲ್ಲಿನ ಕೆಲಸ. ತುದಿಯ ಹತ್ತಿರ ಮಾತ್ರ ಒಂದು ಚಿಕ್ಕ ಕಡಿದಾದ ದಿಬ್ಬವಿದೆ, ಅಲ್ಲಿ ಕಟ್ಟಿದ ಹಗ್ಗ ಹಿಡಿದು ಏರುತ್ತಾರೆ. ಹಿಮದ ಹೊದಿಕೆಯ ಕೆಳಗೆ ಬಿರುಕುಗಳಿರುವುದರಿಂದ ಹಗ್ಗ ಬಿಚ್ಚಿ ಓಡಾಡುವಂತಿಲ್ಲ.

ಐಲ್ಯಾಂಡ್ ಪೀಕ್ ಎತ್ತರದಲ್ಲಿ ಅದಕ್ಕಿಂತ ಕಡಿಮೆ, 6,189 ಮೀಟರ್ ಎಂದು ಬಹಳ ಕಡೆ ಬರೆಯುತ್ತಾರೆ. ಇದಕ್ಕೆ ಇಮ್ಜಾ ತ್ಸೆ ಎಂಬ ಹೆಸರೂ ಇದೆ. 1953ರಲ್ಲಿ ಎವರೆಸ್ಟ್‌ಗೆ ಹೊರಟಿದ್ದ ಬ್ರಿಟಿಷ್ ತಂಡದ ಕೆಲವರು ಅಭ್ಯಾಸಕ್ಕಾಗಿ ಇದನ್ನು ಏರಿದ್ದರು, ಅವರಲ್ಲಿ ತೇನ್ಸಿಂಗ್ ನೋರ್ಗೆ ಕೂಡ ಇದ್ದರು. ಬೇಸ್ ಕ್ಯಾಂಪ್ ಇರುವುದು ಸುಮಾರು 5,100 ಮೀಟರ್‌ನಲ್ಲಿ. ಹೆಚ್ಚಿನ ತಂಡಗಳು ಈಗ ಹೈ ಕ್ಯಾಂಪ್ ಹಾಕದೆ ಅಲ್ಲಿಂದಲೇ ನಡುರಾತ್ರಿ ಒಂದೆರಡು ಗಂಟೆಗೆ ಹೊರಡುತ್ತವೆ, ಅಂದರೆ ಸಾವಿರ ಮೀಟರ್‌ಗೂ ಮಿಕ್ಕಿದ ಏರನ್ನು ಒಂದೇ ಸಲಕ್ಕೆ ಏರಿ ಅಷ್ಟನ್ನೂ ಅದೇ ದಿನ ಇಳಿಯಬೇಕು. ಮೊದಲು ಕತ್ತಲಲ್ಲಿ ಕಲ್ಲುಬಂಡೆಯ ಸಂದಿಗಳಲ್ಲಿ ಏರುವುದು, ಆಮೇಲೆ ಕ್ರ್ಯಾಂಪನ್ ಕಟ್ಟಿ ಹಿಮನದಿ ದಾಟುವುದು, ಕೆಲವು ವರ್ಷ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಹಾಕಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ಸುಮಾರು 45 ಡಿಗ್ರಿಯ, ಅಲ್ಲಲ್ಲಿ ಅದಕ್ಕಿಂತ ಕಡಿದಾದ ಹಿಮಗೋಡೆ ಎದುರಾಗುತ್ತದೆ. ಅದನ್ನು ಜುಮಾರ್ (ಕಟ್ಟಿದ ಹಗ್ಗದಲ್ಲಿ ಮೇಲಕ್ಕಷ್ಟೇ ಸರಿಯುವ ಹಿಡಿ) ಹಾಕಿ ಏರಿ, ಪರ್ವತದ ಕಿರಿದಾದ ಅಂಚಿನ ಮೇಲೆ ನಡೆದು ತುದಿ ಮುಟ್ಟುತ್ತಾರೆ. ಹಿಮ ಕರಗುತ್ತಿರುವುದರಿಂದ ಈ ಭಾಗದ ರೂಪ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಹೋದ ವರ್ಷ ಏರಿದವರ ವರ್ಣನೆಯನ್ನು ಈ ವರ್ಷದ ದಾರಿ ಎಂದುಕೊಳ್ಳುವ ಹಾಗಿಲ್ಲ.

ಹಗ್ಗದ ಕೆಲಸ ಕಲಿಯಲು ನಿಮಗೆ ಸಮಯವಿಲ್ಲ ಎಂದಾದರೆ ಮೇರಾ. ಕಲಿಯಲು ಮನಸ್ಸೂ ಬಿಡುವೂ ಇದ್ದರೆ, ಎವರೆಸ್ಟ್ ಕಡೆಯ ಖುಂಬು ಪ್ರದೇಶದ ದಾರಿ ನಿಮಗೆ ಪರಿಚಯವಿರುವುದರಿಂದ ಐಲ್ಯಾಂಡ್ ಪೀಕ್ ಆಗಬಹುದು. ಮೂರನೆಯ ಯೋಜನೆಯನ್ನು ಈ ಸಲಕ್ಕೆ ಪೂರ್ತಿಯಾಗಿ ಕೈಬಿಡಿ ಎಂದು ತಂಗಿಗೆ ದಯವಿಟ್ಟು ಹೇಳಿ. ಆಂಫು ಲಾಪ್ಚಾ ಸುಮಾರು 5,800 ಮೀಟರ್ ಎತ್ತರದ ಕಣಿವೆದಾರಿ, ಅದರ ಒಂದು ಬದಿಯಲ್ಲಿ ಹೊರೆಯೊಂದಿಗೆ ಹಗ್ಗದ ಮೇಲೆ ಇಳಿಯಬೇಕು. ಅಲ್ಲಿ ಯಾರಿಗಾದರೂ ಕಾಯಿಲೆಯಾದರೆ ಎರಡೂ ದಿಕ್ಕಿನಲ್ಲಿ ಸುಲಭದ ಇಳಿದಾರಿ ಇಲ್ಲ. ಮೊದಲ ಸಲ ಕ್ರ್ಯಾಂಪನ್ ಕಟ್ಟುವವರನ್ನು ಆ ದಾರಿಗೆ ಕರೆದೊಯ್ಯುವುದು ನನಗೆ ಸರಿ ಕಾಣುವುದಿಲ್ಲ.

ಉತ್ತರ – ಪ್ರಾಣವಾಯು

ನಾನು ವೈದ್ಯ, ಎತ್ತರದ ಪ್ರದೇಶದ ಕಾಯಿಲೆಗಳ ಬಗ್ಗೆ ವಿಶೇಷ ಆಸಕ್ತಿಯುಳ್ಳವನು. ನಿಮ್ಮ ಎರಡೂ ಯೋಜನೆಗಳಲ್ಲಿ ನಾನು ಮೊದಲು ನೋಡುವುದು ಶಿಖರವನ್ನಲ್ಲ, ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವನ್ನು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಎಲ್ಲೆಡೆ ಒಪ್ಪಿರುವ ನಿಯಮ. ಫಾಕ್‌ಡಿಂಗ್‌ನಿಂದ ಐಲ್ಯಾಂಡ್ ಪೀಕ್ ದಾರಿಯ ನಾಮ್ಚೆಗೆ ಒಂದೇ ದಿನಕ್ಕೆ ಎಂಟುನೂರು ಮೀಟರ್‌ಗಿಂತ ಹೆಚ್ಚು ಏರುವುದರಿಂದಲೇ ನಾಮ್ಚೆಯಲ್ಲಿ ಎರಡು ರಾತ್ರಿ ಇಟ್ಟಿರುತ್ತಾರೆ. ಅಲ್ಲಿಂದ ತೆಂಗ್‌ಬೋಚೆ, 4,410 ಮೀಟರ್‌ನ ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ, 4,730 ಮೀಟರ್‌ನ ಛುಕುಂಗ್‌ನಲ್ಲಿ ಎರಡು ರಾತ್ರಿ, ನಡುವಿನ ದಿನ ಛುಕುಂಗ್ ರೀ ಏರಿ ಇಳಿಯುವುದು, ಆಮೇಲೆ ಬೇಸ್ ಕ್ಯಾಂಪ್ ಎಂಬ ಕ್ರಮವಿದ್ದರೆ ಐಲ್ಯಾಂಡ್ ಪೀಕ್‌ಗೆ ಒಪ್ಪಬಹುದು. ಇದಕ್ಕೆ ಹವಾಮಾನಕ್ಕೆಂದು ಕನಿಷ್ಠ ಒಂದು ಮೀಸಲು ದಿನವನ್ನೂ, ಲುಕ್ಲಾ ವಿಮಾನ ತಡವಾದರೆ ಎಂದು ಇನ್ನೊಂದೆರಡನ್ನೂ ಸೇರಿಸಿದರೆ 15 ದಿನದಲ್ಲಿ ಮುಗಿಯುವುದಿಲ್ಲ. ನಿಮ್ಮ ಸಂಸ್ಥೆ 15 ದಿನದಲ್ಲಿ ಮುಗಿಸುತ್ತಿದೆ ಎಂದರೆ ಒಗ್ಗಿಕೊಳ್ಳುವ ದಿನವನ್ನೋ ಮೀಸಲು ದಿನವನ್ನೋ ತೆಗೆದಿದ್ದಾರೆ ಎಂದೇ ಅರ್ಥ, ಯಾವುದನ್ನು ಎಂದು ಕೇಳಿ.

ಮೇರಾದ 14 ದಿನದ ಯೋಜನೆ ನನಗೆ ಇನ್ನೂ ಹೆಚ್ಚು ಕಳವಳ ತರುತ್ತದೆ. ಝತ್ರ್ವಾ ಲಾ ಸುಮಾರು 4,600 ಮೀಟರ್ ಎತ್ತರದಲ್ಲಿದೆ. 2,860 ಮೀಟರ್‌ನ ಲುಕ್ಲಾದಲ್ಲಿ ಇಳಿದ ಮೂರನೆಯದೋ ನಾಲ್ಕನೆಯದೋ ದಿನವೇ ಅದನ್ನು ದಾಟಿಸುವುದು ದೇಹಕ್ಕೆ ಮಾಡುವ ಅನ್ಯಾಯ. ತೆಂಕಣದ ಪಾಂಗೋಂ ಕಡೆಯಿಂದ ಸುತ್ತಿ ಮೇರಾದ ಕೆಳಗಿನ ಹಿಂಕು ಕಣಿವೆಗೆ ಇಳಿಯುವ ಉದ್ದನೆಯ ದಾರಿಯಿದೆ. ಎರಡು ಮೂರು ದಿನ ಹೆಚ್ಚು ಹಿಡಿದರೂ ಕ್ರಮೇಣ ಎತ್ತರ ಗಳಿಸುತ್ತದೆ. ಮೇರಾ ಆರಿಸಿಕೊಂಡರೆ ಹೋಗುವಾಗ ಆ ದಾರಿ, ಒಗ್ಗಿದ ದೇಹದೊಂದಿಗೆ ಮರಳುವಾಗ ಝತ್ರ್ವಾ ಲಾ ಎಂದು ಒತ್ತಾಯಿಸಿ.

ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ತೊಂದರೆಯಾಗಲಿಲ್ಲ ಎಂಬುದು ಸಂತೋಷದ ಸಂಗತಿ, ಆದರೆ ಆಗ ಗಳಿಸಿದ ಒಗ್ಗುವಿಕೆ ಕೆಲವು ವಾರಗಳಲ್ಲೇ ಕರಗಿಹೋಗಿರುತ್ತದೆ. ಸುಮಾರು 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಪ್ರತಿ ಸಲವೂ ದೇಹ ಮೊದಲಿನಿಂದ ಹೊಂದಿಕೊಳ್ಳಬೇಕು.

ಡೈಮಾಕ್ಸ್, ಅಂದರೆ ಅಸಿಟಜೋಲಮೈಡ್, ಕೆಲಸ ಮಾಡುವ ಔಷಧ. ಮುಂಜಾಗ್ರತೆಗಾಗಿ ಸಾಮಾನ್ಯವಾಗಿ ಕೊಡುವ ಪ್ರಮಾಣ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ, ಏರಲು ತೊಡಗುವ ಹಿಂದಿನ ದಿನದಿಂದ. ಬೆರಳ ತುದಿ ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಹಜ. ಸಲ್ಫಾ ಔಷಧಗಳಿಂದ ಅಲರ್ಜಿಯಾದವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ನಿಮ್ಮ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಈ ಮಾತ್ರೆ ಒಗ್ಗಿಕೊಳ್ಳುವುದಕ್ಕೆ ನೆರವಾಗುತ್ತದೆಯೇ ಹೊರತು ಅವಸರದ ಯೋಜನೆಯನ್ನು ಸುರಕ್ಷಿತವಾಗಿಸುವುದಿಲ್ಲ. ನಿದ್ದೆಯ ಮಾತ್ರೆಯನ್ನೂ ಮದ್ಯವನ್ನೂ ದೂರವಿಡಿ.

ತಲೆನೋವಿನ ಜೊತೆ ವಾಕರಿಕೆ, ವಿಪರೀತ ಸುಸ್ತು ಬಂದರೆ ಅಲ್ಲೇ ನಿಲ್ಲಿ, ಕಡಿಮೆಯಾಗುವವರೆಗೆ ಏರಬೇಡಿ. ಒಂದು ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ನೇರ ಗೆರೆಯಲ್ಲಿ ನಡೆಯಲು ಹೇಳಿದಾಗ ಓಲಾಡುವವರಿಗೆ ಮಿದುಳು ಬಾತುಕೊಳ್ಳುತ್ತಿದೆ ಎಂದು ತಿಳಿಯಬೇಕು. ಕುಳಿತಲ್ಲೇ ಏದುಸಿರು ಬರುವುದು, ಕೆಮ್ಮು, ಎದೆಯಲ್ಲಿ ಗುರುಗುರು ಸದ್ದು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಬೇಕು. ಎರಡರಲ್ಲೂ ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ಇಳಿಸಬೇಕು, ಡೆಕ್ಸಾಮೆಥಸೋನ್ ಮತ್ತು ನಿಫೆಡಿಪಿನ್ ತಂಡದ ಪೆಟ್ಟಿಗೆಯಲ್ಲಿರಬೇಕು, ಅವನ್ನು ಯಾವಾಗ ಕೊಡಬೇಕೆಂದು ಮಾರ್ಗದರ್ಶಕರಿಗೆ ಗೊತ್ತಿರಬೇಕು. ಖುಂಬು ದಾರಿಯ ಒಂದು ಅನುಕೂಲವೆಂದರೆ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್ನಿನ ಚಿಕಿತ್ಸಾಲಯ ಚಾರಣದ ಋತುಗಳಲ್ಲಿ ತೆರೆದಿರುತ್ತದೆ. ಹಿಂಕು ಕಣಿವೆಯಲ್ಲಿ ನೆರವು ಇನ್ನೂ ದೂರ.

ಮರುಪ್ರಶ್ನೆ – ಹಿಮಪಥಿಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಂಫು ಲಾಪ್ಚಾದ ವಿವರ ಓದಿದ ಮೇಲೆ ತಂಗಿ ತಾನಾಗಿಯೇ ಆ ಯೋಜನೆಯನ್ನು ಬಿಟ್ಟಳು. ಕಲಿಯುವುದಕ್ಕೆ ನಮಗೆ ಆರೇಳು ತಿಂಗಳ ಸಮಯವಿರುವುದರಿಂದ ಐಲ್ಯಾಂಡ್ ಪೀಕ್ ಕಡೆಗೇ ಒಲವಿದೆ. ಹಗ್ಗದ ಕೆಲಸದಲ್ಲಿ ಏನೇನು ಬರಬೇಕು, ಎಷ್ಟರಮಟ್ಟಿಗೆ ಬರಬೇಕು ಎಂದು ಹೇಳಬಲ್ಲಿರಾ?

ಉತ್ತರ – ಹಗ್ಗಗಂಟು

ಬೇಸ್ ಕ್ಯಾಂಪಿನ ಅರ್ಧ ದಿನ, ಗೊತ್ತಿರುವುದನ್ನು ನೆನಪಿಸಿಕೊಳ್ಳಲು ಒಳ್ಳೆಯದು. ಹೊಸದಾಗಿ ಕಲಿಯಲು ಸಾಲದು. ಆ ಎತ್ತರದಲ್ಲಿ, ಮರುರಾತ್ರಿಯೇ ಹೊರಡಬೇಕೆಂಬ ಆತಂಕದಲ್ಲಿ ಕೇಳಿದ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ. ಐಲ್ಯಾಂಡ್ ಪೀಕ್‌ನ ಗೋಡೆಗೆ ಬೇಕಾದ ಕೆಲಸಗಳು ಕೆಲವೇ. ಆದರೆ ದಪ್ಪ ಕೈಗವಸು ತೊಟ್ಟು, ಕತ್ತಲಲ್ಲಿ, ದಣಿದು ಬುದ್ಧಿ ಮಂದವಾಗಿರುವಾಗಲೂ ಕೈ ತಾನಾಗಿ ಮಾಡುವಷ್ಟು ಅವು ರೂಢಿಯಾಗಿರಬೇಕು.

ಅತ್ಯಂತ ಮುಖ್ಯವಾದದ್ದು ಆ್ಯಂಕರ್, ಅಂದರೆ ಹಗ್ಗವನ್ನು ಬಿಗಿದ ಜಾಗ, ದಾಟುವುದು. ಕಟ್ಟಿದ ಹಗ್ಗ ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆಯಾಗಿರುವುದಿಲ್ಲ, ಅಲ್ಲಲ್ಲಿ ಹಿಮಕ್ಕೆ ಬಿಗಿದಿರುತ್ತಾರೆ. ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಯಾದ ನಿಮ್ಮ ಹಾರ್ನೆಸ್‌ನಿಂದ ಎರಡು ಎಳೆ ಹೊರಟಿರುತ್ತವೆ: ಒಂದರ ತುದಿಯಲ್ಲಿ ಜುಮಾರ್, ಇನ್ನೊಂದರಲ್ಲಿ ಸುರಕ್ಷತೆಯ ಕ್ಯಾರಬಿನರ್ (ಬಾಗಿಲಿರುವ ಲೋಹದ ಕೊಂಡಿ). ಬಿಗಿದ ಜಾಗ ತಲುಪಿದಾಗ ಮೊದಲು ಕ್ಯಾರಬಿನರನ್ನು ಬಿಚ್ಚಿ ಗಂಟಿನ ಮೇಲಿನ ಹಗ್ಗಕ್ಕೆ ಹಾಕಬೇಕು, ಅದು ಮುಚ್ಚಿಕೊಂಡಿತೆಂದು ಕಣ್ಣಿಂದ ನೋಡಬೇಕು, ಆಮೇಲೆಯೇ ಜುಮಾರನ್ನು ತೆರೆದು ಮೇಲಕ್ಕೆ ಸಾಗಿಸಿ ಮುಚ್ಚಿ, ಒಮ್ಮೆ ಎಳೆದು ಹಿಡಿತ ನೋಡಿ ಹೆಜ್ಜೆ ಇಡಬೇಕು. ಎರಡೂ ಒಟ್ಟಿಗೆ ಬಿಚ್ಚಿರುವ ಕ್ಷಣ ಒಂದೂ ಇರಬಾರದು. ಜುಮಾರಿನ ಹಲ್ಲಿನಲ್ಲಿ ಮಂಜು ಕಟ್ಟಿಕೊಂಡರೆ ಹಗ್ಗದ ಮೇಲೆ ಜಾರುತ್ತದೆ, ಆದ್ದರಿಂದ ಎಳೆದು ನೋಡುವ ಅಭ್ಯಾಸ ಬಿಡಬೇಡಿ.

ಇಳಿಯುವುದು ಏರುವುದಕ್ಕಿಂತ ಹೆಚ್ಚು ಎಚ್ಚರ ಬೇಡುತ್ತದೆ. ಎಂಟರ ಆಕಾರದ ಇಳಿಯುವ ಸಾಧನವನ್ನು ಅಲ್ಲಿ ಹೆಚ್ಚಾಗಿ ಬಳಸುತ್ತಾರೆ. ಅದನ್ನು ಕ್ಯಾರಬಿನರ್‌ನಿಂದ ಪೂರ್ತಿ ಬಿಚ್ಚಿ ಹಗ್ಗ ಪೋಣಿಸಲು ಹೋದವರ ಮರಗಟ್ಟಿದ ಬೆರಳುಗಳಿಂದ ಅದು ಜಾರಿ ಗೋಡೆಯ ಕೆಳಗೆ ಹೋಗುವುದುಂಟು. ಅದರ ಬದಲು ದೊಡ್ಡ ಬಳೆಯನ್ನು ಕ್ಯಾರಬಿನರ್‌ಗೆ ಹಾಕಿಟ್ಟುಕೊಂಡಿರಿ. ಹಗ್ಗದ ಮಡಿಕೆಯನ್ನು ದೊಡ್ಡ ಬಳೆಯೊಳಗಿಂದ ತೂರಿಸಿ ಚಿಕ್ಕ ಬಳೆಯ ಕುತ್ತಿಗೆಗೆ ಸುತ್ತಿದ ಮೇಲೆ, ಚಿಕ್ಕ ಬಳೆಯನ್ನು ಕ್ಯಾರಬಿನರ್‌ಗೆ ಹಾಕಿ, ದೊಡ್ಡದನ್ನು ಬಿಡಿಸಿ, ಲಾಕ್ ತಿರುಗಿಸಿ. ಹೀಗೆ ಮಾಡಿದರೆ ಸಾಧನ ಒಂದು ಕ್ಷಣವೂ ನಿಮ್ಮಿಂದ ಬೇರೆಯಾಗುವುದಿಲ್ಲ. ಸುರಕ್ಷತೆಯ ಎಳೆ ಇಳಿಯುವಾಗಲೂ ಹಗ್ಗದಲ್ಲೇ ಇರಲಿ.

ಒಳಾಂಗಣದ ಕ್ಲೈಂಬಿಂಗ್ ಗೋಡೆಯಲ್ಲಾಗಲಿ, ಬಂಡೆಯ ಮೇಲಾಗಲಿ ತರಬೇತುದಾರರ ಎದುರು ಇವನ್ನು ಕಲಿತು, ಕೈಗವಸು ತೊಟ್ಟು ಮತ್ತೆ ಮತ್ತೆ ಮಾಡಿ. ನೀವಿಬ್ಬರಿರುವುದು ಅನುಕೂಲ, ಒಬ್ಬರು ಮಾಡುವಾಗ ಇನ್ನೊಬ್ಬರು ತಪ್ಪು ಹುಡುಕಬಹುದು. ಬೆನ್ನಿಗೆ ಎಂಟು ಹತ್ತು ಕಿಲೋ ಹೊರೆ ಹಾಕಿ ಮೆಟ್ಟಿಲು ಏರಿ ಇಳಿಯುವುದನ್ನೂ ವಾರಕ್ಕೆ ಕೆಲವು ದಿನ ರೂಢಿಸಿಕೊಳ್ಳಿ, ಇಳಿಯುವುದನ್ನು ಬಿಡಬೇಡಿ, ಕೊನೆಗೆ ಸೋಲುವುದು ತೊಡೆಗಳೇ.

ಬೂಟಿನ ವಿಷಯ. ಚಾರಣದ ಬೂಟಿನಲ್ಲಿ ಬೆರಳುಗಳು ಹಿಮಗಡಿತಕ್ಕೆ ತುತ್ತಾಗಬಹುದು, ಎರಡು ಪದರದ ಪರ್ವತಾರೋಹಣದ ಬೂಟೇ ಬೇಕು. ಒಂದು ಸಲದ ಏರಿಕೆಗೆ ಕೊಳ್ಳುವ ಅಗತ್ಯವಿಲ್ಲ, ಕಾಠ್ಮಂಡುವಿನಲ್ಲಿಯೂ ಛುಕುಂಗ್‌ನಲ್ಲಿಯೂ ಬಾಡಿಗೆಗೆ ಸಿಗುತ್ತವೆ. ನಾನಾದರೆ ಕಾಠ್ಮಂಡುವಿನಲ್ಲೇ ಪಡೆಯುತ್ತೇನೆ, ಏಕೆಂದರೆ ಅಲ್ಲಿ ಅಳತೆ ಸರಿಯಿಲ್ಲದಿದ್ದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಶಿಖರದ ದಿನ ತೊಡುವ ಕಾಲುಚೀಲವನ್ನೇ ತೊಟ್ಟು ಬೂಟು ಹಾಕಿಕೊಂಡು, ಮೆಟ್ಟಿಲು ಇಳಿದು ಬೆರಳು ಮುಂದಕ್ಕೆ ತಾಗುತ್ತದೆಯೇ ನೋಡಿ. ಅದೇ ಬೂಟಿಗೆ ಅದೇ ಕ್ರ್ಯಾಂಪನ್ ಕಟ್ಟಿಸಿ, ಎತ್ತಿ ಅಲುಗಾಡಿಸಿ ಬಿಗಿ ಪರೀಕ್ಷಿಸಿ.

ಉತ್ತರ – ಶಿಬಿರವಾಸಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆರೇಳು ತಿಂಗಳಿದ್ದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲೋ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲೋ, ಮನಾಲಿಯ ಸಂಸ್ಥೆಯಲ್ಲೋ ಮೂಲ ತರಬೇತಿ ಮುಗಿಸಿ ಆಮೇಲೆ ಶಿಖರದ ಮಾತು ಆಡಬೇಕು. ಸುಮಾರು ನಾಲ್ಕು ವಾರ ಬಂಡೆ, ಹಿಮ, ಮಂಜುಗಡ್ಡೆಗಳ ಮೇಲೆ ದಿನವಿಡೀ ಕಲಿಸುತ್ತಾರೆ. ಜಾರಿದಾಗ ಐಸ್ ಆ್ಯಕ್ಸ್‌ನಿಂದ ತಡೆದುಕೊಳ್ಳುವುದು ಒಳಾಂಗಣದ ಗೋಡೆಯ ಮೇಲೆ ಕಲಿಯುವ ವಿದ್ಯೆಯಲ್ಲ, ಅದಕ್ಕೆ ಹಿಮದ ಇಳಿಜಾರೇ ಬೇಕು. ಮಾರ್ಗದರ್ಶಕರ ಹಿಂದೆ ಹಗ್ಗ ಹಿಡಿದು ಹೋಗುವವರಿಗೂ, ಸ್ವಂತ ತೀರ್ಮಾನ ತೆಗೆದುಕೊಳ್ಳಬಲ್ಲವರಿಗೂ ನಡುವೆ ಬಹಳ ಅಂತರವಿದೆ.

ಉತ್ತರ – ಬೆಟ್ಟದಾರಿ

ಶಿಬಿರವಾಸಿಯವರ ಮಾತನ್ನು ಗೌರವಿಸುತ್ತೇನೆ, ನಾಲ್ಕು ವಾರ ರಜೆ ಸಿಗುವವರಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಷ್ಟು ರಜೆ ಸಿಗದವರು ಸಮರ್ಥ ಮಾರ್ಗದರ್ಶಕರ ಜೊತೆ ಐಲ್ಯಾಂಡ್ ಪೀಕ್ ಏರುವುದು ತಪ್ಪೆಂದು ನನಗನಿಸುವುದಿಲ್ಲ. ಆದರೆ ಹಗ್ಗಗಂಟು ಅವರು ಹೇಳಿದ್ದೆಲ್ಲ ಕೈಗೆ ಬಂದಿರಬೇಕು, ಜೊತೆಗೆ ಹಿಮದ ಮೇಲೆ ಐಸ್ ಆ್ಯಕ್ಸ್ ಬಳಸಿ ಜಾರುವುದನ್ನು ತಡೆಯುವ ಅಭ್ಯಾಸಕ್ಕೆಂದು ಒಂದು ಪೂರ್ತಿ ದಿನವನ್ನು ದಾರಿಯಲ್ಲೇ ಕೇಳಿ ಪಡೆಯಬೇಕು.

ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ನಿಮ್ಮಿಬ್ಬರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಶಿಖರದ ರಾತ್ರಿ ಎಷ್ಟು ಮಂದಿ ಕ್ಲೈಂಬಿಂಗ್ ಗೈಡ್‌ಗಳು ನಿಮ್ಮೊಡನೆ ಇರುತ್ತಾರೆ ಎಂಬುದು. ಇಬ್ಬರಿಗೆ ಒಬ್ಬರೇ ಇದ್ದು, 5,800 ಮೀಟರ್‌ನಲ್ಲಿ ನಿಮ್ಮ ತಂಗಿಗೆ ಆರೋಗ್ಯ ಕೆಟ್ಟರೆ ಎರಡೇ ದಾರಿ ಉಳಿಯುತ್ತವೆ: ಮೂವರೂ ಇಳಿಯುವುದು, ಇಲ್ಲವೇ ಯಾರಾದರೂ ಒಬ್ಬರು ಒಂಟಿಯಾಗಿ ಇಳಿಯುವುದು. ಎರಡನೆಯದು ಆಗಲೇಬಾರದು. ಮೊದಲನೆಯದಕ್ಕೆ ಮನಸ್ಸು ಸಿದ್ಧವಿಲ್ಲದಿದ್ದರೆ ಇನ್ನೊಬ್ಬ ಗೈಡ್‌ಗೆ ಹಣ ಕೊಡಿ. ಇಡೀ ಪ್ರವಾಸದ ಖರ್ಚಿನಲ್ಲಿ ಅಷ್ಟು ಬೆಲೆಬಾಳುವ ಬಾಬತ್ತು ಬೇರೊಂದಿಲ್ಲ. ಗೈಡ್ ನೇಪಾಳ ಪರ್ವತಾರೋಹಣ ಸಂಘದ ತರಬೇತಿ ಪಡೆದವರೇ, ಇದೇ ಶಿಖರವನ್ನು ಇತ್ತೀಚೆಗೆ ಏರಿದವರೇ ಎಂದು ಕೇಳಿ, ಸಾಧ್ಯವಾದರೆ ಹೊರಡುವ ಮುನ್ನ ಅವರ ಜೊತೆಗೇ ಫೋನಿನಲ್ಲಿ ಮಾತನಾಡಿ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗಬೇಕು ಎಂಬ ಸಮಯವನ್ನು ಬೇಸ್ ಕ್ಯಾಂಪಿನಲ್ಲೇ ಮೂವರೂ ಕೂಡಿ ಗೊತ್ತುಮಾಡಿಕೊಳ್ಳಿ. ಒಳ್ಳೆಯ ಹವೆಯ ದಿನ ಗೋಡೆಯ ಬುಡದಲ್ಲಿ ಹತ್ತಾರು ಜನರ ಸಾಲು ನಿಲ್ಲುತ್ತದೆ, ಬೆವರಿದ ಬಟ್ಟೆಯಲ್ಲಿ ನಿಂತು ಮೈ ತಣ್ಣಗಾಗುವಾಗ ಆ ಗಡುವನ್ನು ಮುಂದೂಡುವ ಆಸೆ ಹುಟ್ಟುತ್ತದೆ.

ಅಕ್ಟೋಬರ್‌ನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಕಾಠ್ಮಂಡುವಿನಿಂದ ಹೊರಡದೆ ರಾಮೇಛಾಪ್‌ನಿಂದ ಹೊರಡುತ್ತವೆ. ನಡುರಾತ್ರಿಯೇ ವಾಹನದಲ್ಲಿ ನಾಲ್ಕೈದು ಗಂಟೆ ಸಾಗಬೇಕಾಗುತ್ತದೆ ಎಂಬುದು ತಿಳಿದಿರಲಿ.

ಉತ್ತರ – ಪ್ರಾಣವಾಯು

ಒಂದು ವಿಷಯ ಬಿಟ್ಟುಹೋಗಿತ್ತು. ಪ್ರಯಾಣ ವಿಮೆಯ ಷರತ್ತುಗಳನ್ನು ಪೂರ್ತಿ ಓದಿ. ಅನೇಕ ವಿಮೆಗಳು ನಾಲ್ಕು ಅಥವಾ ಐದು ಸಾವಿರ ಮೀಟರ್‌ಗೆ ನಿಂತುಬಿಡುತ್ತವೆ, ಕೆಲವು ಎತ್ತರಕ್ಕೆ ಒಪ್ಪಿದರೂ ಹಗ್ಗ, ಐಸ್ ಆ್ಯಕ್ಸ್ ಬಳಸುವ ಏರಿಕೆಯನ್ನು ಹೊರಗಿಡುತ್ತವೆ. 6,500 ಮೀಟರ್‌ವರೆಗೆ, ಹಗ್ಗದ ಏರಿಕೆ ಸೇರಿದಂತೆ, ಹೆಲಿಕಾಪ್ಟರ್ ರಕ್ಷಣೆಗೆ ಅನ್ವಯಿಸುತ್ತದೆ ಎಂದು ವಿಮೆ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಅನಗತ್ಯ ಹೆಲಿಕಾಪ್ಟರ್ ರಕ್ಷಣೆಯ ವಂಚನೆಗಳ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಅಂದಿನಿಂದ ವಿಮೆ ಕಂಪನಿಗಳು ಹೆಚ್ಚು ಎಚ್ಚರದಿಂದಿವೆ, ಮುಂಚಿತವಾಗಿ ತಮಗೆ ತಿಳಿಸದೆ ಹಾರಿಸಿದ ಹೆಲಿಕಾಪ್ಟರಿನ ಹಣ ಕೊಡಲು ತಕರಾರು ಮಾಡಬಹುದು. ಅವರ ತುರ್ತು ದೂರವಾಣಿ ಸಂಖ್ಯೆ ನಿಮ್ಮಿಬ್ಬರ ಬಳಿಯೂ ಗೈಡ್ ಬಳಿಯೂ ಕಾಗದದಲ್ಲಿ ಬರೆದಿರಲಿ, ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ.

ಹಿಮಪಥಿಕ

15 ದಿನದ ಯೋಜನೆಯ ಸಂಸ್ಥೆಗೆ ಬರೆದು ಕೇಳಿದೆವು. ತೆಗೆದದ್ದು ಛುಕುಂಗ್‌ನ ಎರಡನೆಯ ರಾತ್ರಿಯನ್ನು ಮತ್ತು ಮೀಸಲು ದಿನವನ್ನು ಎಂದು ಒಪ್ಪಿಕೊಂಡರು, ಸೇರಿಸಲು ಒಪ್ಪಲಿಲ್ಲ. ಈಗ 19 ದಿನದ, ಇಬ್ಬರು ಕ್ಲೈಂಬಿಂಗ್ ಗೈಡ್‌ಗಳಿರುವ ಬೇರೊಂದು ಯೋಜನೆಯನ್ನು ಮಾತಾಡುತ್ತಿದ್ದೇವೆ. ಹಗ್ಗದ ತರಗತಿಗೂ ಇಬ್ಬರೂ ಹೆಸರು ಕೊಟ್ಟಿದ್ದೇವೆ. ಹಗ್ಗಗಂಟು ಅವರಲ್ಲಿ ಒಂದು ಕೊನೆಯ ಪ್ರಶ್ನೆ: ಅಭ್ಯಾಸಕ್ಕೆ ಹಾರ್ನೆಸ್ ಮತ್ತು ಇಳಿಯುವ ಸಾಧನವನ್ನು ಸ್ವಂತಕ್ಕೆ ಕೊಳ್ಳುವುದು ಒಳ್ಳೆಯದೇ?

ಉತ್ತರ – ಹಗ್ಗಗಂಟು

ಹೌದು, ಅವೆರಡನ್ನೂ, ಜುಮಾರನ್ನೂ, ಲಾಕ್ ಇರುವ ಮೂರು ನಾಲ್ಕು ಕ್ಯಾರಬಿನರ್‌ಗಳನ್ನೂ ಕೊಳ್ಳಿ. ಅಭ್ಯಾಸ ಮಾಡಿದ ಸಾಧನವೇ ಗೋಡೆಯ ಮೇಲೂ ಕೈಯಲ್ಲಿರಬೇಕು. ಹಾರ್ನೆಸ್‌ನ ತೊಡೆಯ ಪಟ್ಟಿಗಳು ಪೂರ್ತಿ ಬಿಚ್ಚುವಂಥದ್ದಾಗಿರಲಿ, ಕ್ರ್ಯಾಂಪನ್ ಕಟ್ಟಿದ ಬೂಟನ್ನು ಬಿಚ್ಚಲಾಗದ ಪಟ್ಟಿಯೊಳಗೆ ತೂರಿಸಲಾಗುವುದಿಲ್ಲ. ಅಂಗಡಿಯಲ್ಲಿ ತೊಟ್ಟು ನೋಡುವಾಗ ಮೇಲೆ ದಪ್ಪ ಜಾಕೆಟ್, ಎರಡು ಪದರದ ಪ್ಯಾಂಟು ಹಾಕಿಕೊಂಡು ಹೋಗಿ. ಪಟ್ಟಿ ಬಿಗಿದ ಮೇಲೆ ಸೊಂಟದಿಂದ ಕೆಳಗೆ ಜಾರದಂತಿರಬೇಕು, ಬಕಲ್ ದಾಟಿ ಮೂರು ಬೆರಳಷ್ಟಾದರೂ ಪಟ್ಟಿ ಉಳಿದಿರಬೇಕು.